ಗುರುವಾರದ ಹೂವು, ಮಂಗಳವಾರದ ಬರವಣಿಗೆ: ಒಂದು ಪ್ರಕರಣ ಅಧ್ಯಯನ

ಬೆಂಗಳೂರಿನ ಹನುಮಂತನಗರದ ಬಾಡಿಗೆ ಮನೆಯೊಂದರಲ್ಲಿ ವಾಸಿಸುವ, ಪೀಣ್ಯ ಕೈಗಾರಿಕಾ ಪ್ರದೇಶದ ಖಾಸಗಿ ಕಾರ್ಖಾನೆಯೊಂದರ ಲೆಕ್ಕಪತ್ರ ವಿಭಾಗದಲ್ಲಿ ಕೆಲಸ ಮಾಡುವ, ನಲವತ್ತಾರು ವರ್ಷದ ಮಹಿಳೆಯೊಬ್ಬರು ಸುಮಾರು ಇಪ್ಪತ್ತು ವರ್ಷಗಳ ನಂತರ ಮತ್ತೆ ಕಥೆ ಬರೆಯಲು ಕುಳಿತಾಗ ಎದುರಾದ ತೊಡಕುಗಳೇನು, ಅವುಗಳಲ್ಲಿ ಯಾವುವು ಬಗೆಹರಿದವು, ಯಾವುವು ಹಾಗೆಯೇ ಉಳಿದಿವೆ ಎಂಬುದನ್ನು ಇಲ್ಲಿ ದಾಖಲಿಸುತ್ತಿದ್ದೇನೆ. ಬಸವನಗುಡಿಯಲ್ಲಿ ನಾವು ಕೆಲವರು ತಿಂಗಳಿಗೊಂದು ಭಾನುವಾರ ಸೇರಿ, ಬರೆದದ್ದನ್ನು ಓದಿ ಚರ್ಚಿಸುವ ಚಿಕ್ಕ ಗೋಷ್ಠಿಯೊಂದನ್ನು ನಡೆಸುತ್ತೇವೆ. ಅದರ ಹೊಣೆ ಹೊತ್ತವರಲ್ಲಿ ನಾನೂ ಒಬ್ಬಳು. ಅವರು ಮೊದಲ ಸಲ ಅಲ್ಲಿಗೆ ಬಂದ ಮೇ ತಿಂಗಳಿನಿಂದ ಅವರ ಕಥೆ ಮುಗಿದ ಫೆಬ್ರವರಿಯವರೆಗೆ ಆ ಪ್ರಯತ್ನವನ್ನು ಹತ್ತಿರದಿಂದ ನೋಡುವ ಅವಕಾಶ ನನಗೆ ಸಿಕ್ಕಿತು. ಅವರ ಒಪ್ಪಿಗೆ ಪಡೆದೇ ಇದನ್ನು ಬರೆಯುತ್ತಿದ್ದೇನೆ. ಹೆಸರನ್ನು ಬಿಟ್ಟು, ಅವರನ್ನು ಇಲ್ಲಿ ಲೇಖಕಿ ಎಂದಷ್ಟೇ ಕರೆಯುತ್ತೇನೆ.

ಹಿನ್ನೆಲೆ

ಲೇಖಕಿ ಬಿ.ಕಾಂ. ಓದುತ್ತಿದ್ದ ದಿನಗಳಲ್ಲಿ ಕಥೆಗಳನ್ನು ಬರೆದಿದ್ದರು. ಒಂದೆರಡು ವಾರಪತ್ರಿಕೆಗಳಲ್ಲಿ ಅಚ್ಚಾಗಿಯೂ ಇದ್ದವು. ಮದುವೆ, ಕೆಲಸ, ಇಬ್ಬರು ಮಕ್ಕಳು ಎಂದು ವರ್ಷಗಳು ಸರಿದಂತೆ ಬರವಣಿಗೆ ನಿಂತುಹೋಯಿತು. ಅದು ನಿಂತಿತೆಂದು ಮನೆಯಲ್ಲಿ ಯಾರಿಗೂ ಅನ್ನಿಸಲಿಲ್ಲ, ಏಕೆಂದರೆ ಅದು ನಡೆಯುತ್ತಿದ್ದುದೇ ಮನೆಯ ಲೆಕ್ಕಕ್ಕೆ ಬಂದಿರಲಿಲ್ಲ. ಮನೆಯಲ್ಲಿ ಪತಿ, ಎಪ್ಪತ್ತು ದಾಟಿದ ಅತ್ತೆ, ದ್ವಿತೀಯ ಪಿಯುಸಿ ಓದುವ ಮಗ, ಎಂಟನೆಯ ತರಗತಿಯ ಮಗಳು ಇದ್ದಾರೆ. ಪತಿಯವರದು ಎಲೆಕ್ಟ್ರಿಕಲ್ ಸಾಮಾನಿನ ಸಣ್ಣ ಅಂಗಡಿ. ಅವರು ಬಾಗಿಲು ಹಾಕಿ ಮನೆ ಸೇರುವಾಗ ರಾತ್ರಿ ಒಂಬತ್ತಾಗುತ್ತದೆ.

ಗೋಷ್ಠಿಗೆ ಬಂದ ಮೊದಲ ದಿನ ಅವರು ಹೇಳಿದ್ದು ಎರಡೇ ಮಾತು: "ಟೈಮೇ ಸಿಗಲ್ಲ ಮೇಡಂ. ಸಿಕ್ಕಿದಾಗ ಏನೂ ಹೊಳೆಯಲ್ಲ." ಈ ದೂರುಗಳನ್ನು ಬೇರೆಬೇರೆಯಾಗಿ ನೋಡುವುದು ನಮ್ಮಲ್ಲಿ ರೂಢಿ. ಸಮಯಕ್ಕೆ ಒಂದು ಉಪಾಯ, ಸ್ಫೂರ್ತಿಗೆ ಇನ್ನೊಂದು ಉಪಾಯ ಎಂದು ಸಲಹೆ ಕೊಡುವವರೇ ಹೆಚ್ಚು. ಈ ಪ್ರಕರಣದಲ್ಲಿ ನನಗೆ ಮುಖ್ಯವಾಗಿ ಕಂಡದ್ದು, ಎರಡೂ ಒಂದಕ್ಕೊಂದು ಹೆಣೆದುಕೊಂಡಿದ್ದವು ಎಂಬುದು. ಯಾವುದನ್ನು ಬರೆಯಬೇಕೆಂದು ಮೊದಲೇ ಗೊತ್ತಿಲ್ಲದವರಿಗೆ ಮುಕ್ಕಾಲು ಗಂಟೆ ಸಾಲುವುದಿಲ್ಲ. ಗೊತ್ತಿದ್ದವರಿಗೆ ಅಷ್ಟರಲ್ಲಿಯೇ ಒಂದು ಪುಟ ಮುಗಿಯುತ್ತದೆ.

ನಸುಕಿನ ಪ್ರಯತ್ನ

ಅವರು ಮೊದಲು ಕೈಗೊಂಡ ಕ್ರಮ ಬಹುತೇಕ ಎಲ್ಲರೂ ಕೈಗೊಳ್ಳುವಂಥದ್ದೇ. ಬೆಳಗಿನ ನಾಲ್ಕೂವರೆಗೆ ಎದ್ದು, ಮನೆಯವರು ಏಳುವ ಮೊದಲು ಬರೆಯುವುದು. ಜೂನ್‌ನಲ್ಲಿ ಮೂರು ವಾರ ಹೀಗೆ ನಡೆಯಿತು. ರಾತ್ರಿ ಹನ್ನೊಂದಕ್ಕೆ ಮಲಗುವವರು ನಾಲ್ಕೂವರೆಗೆ ಎದ್ದರೆ ದೇಹ ಕೂರುತ್ತದೆಯೇ ಹೊರತು ಮನಸ್ಸು ಕೂರುವುದಿಲ್ಲ. ಅದಲ್ಲದೆ ಅವರ ಬೀದಿಗೆ ಕಾವೇರಿ ನೀರು ಬರುವುದು ದಿನ ಬಿಟ್ಟು ದಿನ, ಅದೂ ನಸುಕಿನಲ್ಲಿ. ನೀರು ಬರುವ ದಿನ ಸಂಪಿನ ಕಡೆಗೆ ಕಿವಿ, ಬಾರದ ದಿನ ಹಾಲಿನವನ ಗಂಟೆಯ ಕಡೆಗೆ ಕಿವಿ, ಎರಡೂ ದಿನ ತಲೆಯಲ್ಲಿ ನಾಲ್ಕು ಡಬ್ಬಿಗಳಿಗೆ ಏನು ತುಂಬುವುದೆಂಬ ಯೋಚನೆ. ಐದೂಕಾಲಿಗೆ ಕುಕ್ಕರ್ ಇಡಲೇಬೇಕು. ಆ ಮೂರು ವಾರಗಳಲ್ಲಿ ಪುಸ್ತಕದಲ್ಲಿ ಉಳಿದದ್ದು ಹೊಡೆದುಹಾಕಿದ ಆರಂಭದ ಸಾಲುಗಳು ಮಾತ್ರ.

ಅವರಿಗೆ ಹೆಚ್ಚು ನೋವು ಕೊಟ್ಟದ್ದು ಬೇರೆ ಸಂಗತಿ. ಇಪ್ಪತ್ತೊಂದು ದಿನ ತಪ್ಪದೆ ಮಾಡಿದರೆ ಯಾವುದೂ ಅಭ್ಯಾಸವಾಗುತ್ತದೆ ಎಂದು ಎಲ್ಲೋ ಕೇಳಿದ್ದರು. ಮಗಳಿಗೆ ಜ್ವರ ಬಂದು ಎರಡು ದಿನ ತಪ್ಪಿದಾಗ ಎಲ್ಲವೂ ಮುರಿದುಬಿತ್ತೆಂದು ತೀರ್ಮಾನಿಸಿ, ತಮ್ಮಲ್ಲಿದ್ದ ಶಕ್ತಿಯೇ ಬತ್ತಿಹೋಗಿದೆ ಎಂದು ನನಗೆ ಫೋನಿನಲ್ಲಿ ಹೇಳಿದರು. ಈ ಇಪ್ಪತ್ತೊಂದು ದಿನದ ಮಾತು ಎಷ್ಟು ಜನರ ಉತ್ಸಾಹವನ್ನು ಕೆಡಿಸಿದೆಯೋ! ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಫಿಲಿಪಾ ಲ್ಯಾಲಿ ಮತ್ತು ಸಂಗಡಿಗರು 96 ಜನರನ್ನು 12 ವಾರ ಗಮನಿಸಿ 2010ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಒಂದು ಸರಳ ನಡವಳಿಕೆ ತನ್ನಷ್ಟಕ್ಕೆ ನಡೆಯುವ ಹಂತಕ್ಕೆ ಬರಲು 18ರಿಂದ 254 ದಿನಗಳವರೆಗೆ ಬೇಕಾಗಬಹುದೆಂದೂ, ಆ ಅಂಕಿಗಳ ಮಧ್ಯದ ಮೌಲ್ಯ 66 ದಿನವೆಂದೂ ಕಂಡುಬಂದಿತ್ತು. ನಮಗೆ ಬೇಕಾದ ಮುಖ್ಯ ಮಾತು ಅದರಲ್ಲಿಯೇ ಇದೆ: ನಡುವೆ ಒಂದು ದಿನ ತಪ್ಪಿದರೆ ಅಭ್ಯಾಸದ ಬೆಳವಣಿಗೆಗೆ ಗಣನೀಯ ಧಕ್ಕೆಯೇನೂ ಆಗುವುದಿಲ್ಲ. ಇದನ್ನು ಅವರಿಗೆ ವಿವರವಾಗಿ ಹೇಳಿದೆ. ಶಕ್ತಿ ಬತ್ತಿದೆಯೇ ಇಲ್ಲವೇ ಎಂಬ ಪ್ರಶ್ನೆಯನ್ನು ಬದಿಗಿಟ್ಟು, ಮೊದಲು ಅವರ ವಾರ ಹೇಗೆ ಕಳೆಯುತ್ತದೆ ಎಂಬುದನ್ನು ಬರೆದಿಡೋಣ ಎಂದು ಒಪ್ಪಿಸಿದೆ.

ಒಂದು ವಾರದ ಲೆಕ್ಕ

ಲೆಕ್ಕ ಬರೆಯುವುದು ಅವರ ವೃತ್ತಿಯೇ ಆದ್ದರಿಂದ ಈ ಕೆಲಸವನ್ನು ಅವರು ಅಚ್ಚುಕಟ್ಟಾಗಿ ಮಾಡಿದರು. ಹಳೆಯ ಲೆಡ್ಜರೊಂದರ ಖಾಲಿ ಹಾಳೆಗಳಲ್ಲಿ ಅರ್ಧ ಗಂಟೆಗೊಂದು ಸಾಲು ಹಾಕಿ, ಆ ಹೊತ್ತಿನಲ್ಲಿ ತಾವು ಏನು ಮಾಡುತ್ತಿದ್ದರು ಎಂಬುದರ ಜೊತೆಗೆ, ನನ್ನ ಕೋರಿಕೆಯ ಮೇರೆಗೆ, ಮನೆಯ ಉಳಿದವರು ಏನು ಮಾಡುತ್ತಿದ್ದರು ಎಂಬ ಇನ್ನೊಂದು ಅಂಕಣವನ್ನೂ ತುಂಬಿದರು. ಬೆಳಗ್ಗೆ ಐದೂಕಾಲರಿಂದ ಎಂಟೂಕಾಲರವರೆಗೆ ಬಿಡುವಿಲ್ಲದ ಮನೆಗೆಲಸ. ಎಂಟೂ ಇಪ್ಪತ್ತಕ್ಕೆ ಹೊರಟು ನ್ಯಾಷನಲ್ ಕಾಲೇಜು ನಿಲ್ದಾಣದಲ್ಲಿ ಮೆಟ್ರೊ ಹತ್ತಿದರೆ ಒಂಬತ್ತೂವರೆಯೊಳಗೆ ಕಚೇರಿ. ಸಂಜೆ ಆರಕ್ಕೆ ಬಿಟ್ಟು ಏಳೂಕಾಲರ ಸುಮಾರಿಗೆ ಮನೆ. ಅಲ್ಲಿಂದ ಹತ್ತೂವರೆಯವರೆಗೆ ಅಡುಗೆ, ಊಟ, ಪಾತ್ರೆ, ಮರುದಿನದ ತರಕಾರಿ ಹೆಚ್ಚುವುದು, ಮಕ್ಕಳ ಬಟ್ಟೆ, ಅತ್ತೆಯವರ ಮಾತ್ರೆ.

ಎರಡನೆಯ ಅಂಕಣವನ್ನು ಓದಿದಾಗ ಲೇಖಕಿಯೇ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಅವರು ಒಲೆಯ ಮುಂದೆ ಇದ್ದ ಹೊತ್ತಿನಲ್ಲಿ ಉಳಿದ ನಾಲ್ವರಲ್ಲಿ ಒಬ್ಬರಾದರೂ ಕೈ ಖಾಲಿ ಇದ್ದು ಕುಳಿತಿರದ ಸಾಲೇ ಇರಲಿಲ್ಲ. ಇದು ಆ ಒಂದು ಮನೆಯ ದೋಷವೆಂದು ನಾನು ಹೇಳಲಾರೆ. ಕೇಂದ್ರ ಸರ್ಕಾರ ನಡೆಸಿದ 2024ರ ಸಮಯ ಬಳಕೆ ಸಮೀಕ್ಷೆಯ ಪ್ರಕಾರ, ಸಂಬಳವಿಲ್ಲದ ಮನೆಗೆಲಸದಲ್ಲಿ ತೊಡಗುವ ಮಹಿಳೆಯರು ದಿನಕ್ಕೆ ಸರಾಸರಿ 289 ನಿಮಿಷಗಳನ್ನು ಅದಕ್ಕೆ ಕೊಡುತ್ತಾರೆ, ಪುರುಷರು 88 ನಿಮಿಷ. 2019ರ ಸಮೀಕ್ಷೆಯಲ್ಲಿ ಆ ಅಂಕಿಗಳು 299 ಮತ್ತು 97 ಇದ್ದವು. ಸೃಜನಶೀಲತೆಗೆ ಸಮಯ ಮಾಡಿಕೊಳ್ಳುವ ಬಗ್ಗೆ ನಮ್ಮಲ್ಲಿ ಬರುವ ಬರಹಗಳು ಈ ಅಂಕಿಗಳನ್ನು ಎದುರಿಗಿಟ್ಟುಕೊಂಡು ಮಾತಾಡುವುದು ಅಪರೂಪ. ಮೈಸೂರು ಸಂಸ್ಥಾನದ ಸೇವೆಯಲ್ಲಿ ದೊಡ್ಡ ಹುದ್ದೆಗಳನ್ನು ನಿರ್ವಹಿಸುತ್ತಲೇ ಸಣ್ಣಕಥೆಯ ಪರಂಪರೆಯನ್ನು ಕಟ್ಟಿ, 1983ರಲ್ಲಿ ಜ್ಞಾನಪೀಠ ಪಡೆದ ಮಾಸ್ತಿ ವೆಂಕಟೇಶ ಅಯ್ಯಂಗಾರ್ ಅವರು ಬಾಳಿದ ಗವಿಪುರ ಈ ಲೇಖಕಿಯ ಮನೆಗೆ ಬಹಳ ಹತ್ತಿರ. ಕಚೇರಿ ಕೆಲಸ ಮತ್ತು ಬರವಣಿಗೆ ಒಟ್ಟಿಗೆ ಸಾಗಬಲ್ಲವು ಎಂಬುದಕ್ಕೆ ಅದಕ್ಕಿಂತ ಹಿರಿದಾದ ಉದಾಹರಣೆ ಬೇಡ, ಗೋಷ್ಠಿಯಲ್ಲಿ ಯಾರಾದರೊಬ್ಬರು ಅದನ್ನು ಎತ್ತಿ ಹೇಳುವುದೂ ಉಂಟು. ಆದರೆ ಕಚೇರಿಯ ಜೊತೆಗೆ ಎರಡು ಹೊತ್ತಿನ ಅಡುಗೆಯನ್ನೂ ಹೊತ್ತವರಿಗೆ ಆ ಉದಾಹರಣೆಯೊಂದನ್ನೇ ಕೊಟ್ಟು ಕಳಿಸುವುದು ನ್ಯಾಯವಲ್ಲ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಲೆಕ್ಕದಲ್ಲಿ ಇನ್ನೊಂದು ಸಂಗತಿಯೂ ಕಂಡಿತು. ದಿನದಲ್ಲಿ ಬಿಡುವಿನ ಚೂರುಗಳು ಇಲ್ಲವೇ ಇಲ್ಲ ಎಂದಿಲ್ಲ. ಅಲ್ಲಿ ಹತ್ತು ನಿಮಿಷ, ಇಲ್ಲಿ ಕಾಲು ಗಂಟೆ ಎಂದು ಕೂಡಿದರೆ ಒಂದು ಗಂಟೆಗೆ ಮೀರುತ್ತಿತ್ತು. ಅವೆಲ್ಲ ಫೋನಿನಲ್ಲಿ ಚಿಕ್ಕ ವಿಡಿಯೊಗಳನ್ನು ನೋಡುತ್ತಲೋ, ಅತ್ತೆಯವರ ಜೊತೆ ಧಾರಾವಾಹಿಯ ಅರ್ಧ ಭಾಗ ನೋಡುತ್ತಲೋ ಕಳೆಯುತ್ತಿದ್ದವು. ಈ ಚೂರುಗಳಲ್ಲಿಯೇ ಬರೆಯಬಹುದಲ್ಲ ಎಂದು ಗೋಷ್ಠಿಯ ಹಿರಿಯರೊಬ್ಬರು ಸೂಚಿಸಿದರು. ನಾನು ಒಪ್ಪಲಿಲ್ಲ. ಒಂದು ಕೆಲಸವನ್ನು ಅರ್ಧಕ್ಕೆ ಬಿಟ್ಟು ಇನ್ನೊಂದಕ್ಕೆ ತಿರುಗಿದಾಗ ಗಮನದ ಒಂದು ಪಾಲು ಹಿಂದಿನ ಕೆಲಸದಲ್ಲಿಯೇ ಉಳಿದು, ಹೊಸ ಕೆಲಸ ಸೊರಗುತ್ತದೆ ಎಂಬುದನ್ನು ಸೋಫಿ ಲೆರಾಯ್ 2009ರ ತಮ್ಮ ಸಂಶೋಧನೆಯಲ್ಲಿ ತೋರಿಸಿದ್ದಾರೆ. ಒಲೆಯ ಮೇಲೆ ಬೇಳೆ ಇರುವಾಗ ಸಿಗುವ ಹತ್ತು ನಿಮಿಷ ಬೇಳೆಗೇ ಸೇರಿದ್ದು. ಅಂಥ ಚೂರುಗಳಲ್ಲಿ ಒಂದು ಸಾಲು ಗುರುತು ಹಾಕಿಕೊಳ್ಳಬಹುದು, ಓದಬಹುದು. ಪಾತ್ರವೊಂದರ ಜೊತೆ ಕೂರಲಾಗದು. ಅವರಿಗೆ ಬೇಕಾಗಿದ್ದುದು ವಾರದಲ್ಲಿ ಎರಡು ಸಲ, ಯಾರೂ ಕರೆಯುವುದಿಲ್ಲವೆಂದು ಖಚಿತವಾಗಿದ್ದ ಒಂದೊಂದು ಗಂಟೆ.

ಮನೆಯೊಳಗಿನ ಮಾತುಕತೆ

ಆಷಾಢದಲ್ಲಿ ಮದುವೆ, ಗೃಹಪ್ರವೇಶಗಳ ಓಡಾಟವಿರುವುದಿಲ್ಲವಾದ್ದರಿಂದ ಆ ತಿಂಗಳ ಒಂದು ಭಾನುವಾರ, ತಿಂಡಿಯಾದ ಮೇಲೆ, ಲೇಖಕಿ ಮನೆಯವರೆಲ್ಲರ ಎದುರು ಆ ಲೆಡ್ಜರನ್ನು ತೆರೆದಿಟ್ಟರು. ಯಾರ ಮೇಲೂ ದೂರು ಹೇಳಬಾರದು, ಎರಡು ಗಂಟೆಯನ್ನು ಮಾತ್ರ ಕೇಳಬೇಕು ಎಂದು ಮೊದಲೇ ನಿಶ್ಚಯಿಸಿಕೊಂಡಿದ್ದರು. ಕೇಳಲು ಹಿಂಜರಿದದ್ದು ಪತಿಯನ್ನಲ್ಲ, ಅತ್ತೆಯವರನ್ನು. ಆದರೆ ಮೊದಲು ಮಾತಾಡಿದವರು ಅವರೇ: "ಸಾರು-ಪಲ್ಯ ನಂಗೂ ಬರುತ್ತಮ್ಮ. ಮಂಡಿ ನೋವು, ಮಂಡಿ ನೋವು ಅಂತ ನೀವೇ ನನ್ನ ಒಲೆ ಹತ್ರ ಬಿಡ್ಲಿಲ್ಲ. ಕಟ್ಟೆ ಪಕ್ಕ ಒಂದು ಸ್ಟೂಲ್ ಹಾಕ್ಕೊಡಿ, ಸಾಕು."

ಈ ಮಾತನ್ನು ನಾನು ಬಹಳ ಬೆಲೆಯುಳ್ಳದ್ದೆಂದು ತಿಳಿಯುತ್ತೇನೆ. ಹಿರಿಯರಿಗೆ ಆರಾಮ ಕೊಡುತ್ತಿದ್ದೇವೆಂದು ಸೊಸೆ ಭಾವಿಸಿದ್ದರೆ, ತಮ್ಮನ್ನು ಕೆಲಸದಿಂದ ಬಿಡಿಸಿದ್ದಾರೆಂದು ಅತ್ತೆ ಒಳಗೇ ನೊಂದುಕೊಂಡಿದ್ದರು. ಲೆಕ್ಕದ ಹಾಳೆಯನ್ನು ಎದುರಿಗಿಡದಿದ್ದರೆ ಅದು ಹೊರಗೆ ಬರುತ್ತಲೇ ಇರಲಿಲ್ಲ. ಮಂಗಳವಾರ ಮತ್ತು ಶನಿವಾರದ ರಾತ್ರಿಯ ಅಡುಗೆ ಅತ್ತೆಯವರದಾಯಿತು. ಪತಿ ರಾತ್ರಿ ತಡವಾಗಿ ಬರುವುದರಿಂದ ಅವರ ಪಾಲಿಗೆ ಬೆಳಗಿನ ಡಬ್ಬಿ ಕಟ್ಟುವುದು ಮತ್ತು ಆ ಎರಡು ರಾತ್ರಿಗಳ ಪಾತ್ರೆ ತೊಳೆಯುವುದು ಬಂತು. ನೀರು ಬರುವ ದಿನ ಎದ್ದು ಸಂಪು ತುಂಬಿಸಿ ಮೋಟರ್ ಹಾಕುವ ಹೊಣೆ ಮಗನದು. ಹೇಗೂ ಅವನು ಓದಲು ಬೇಗ ಏಳಬೇಕಿತ್ತು. ತಾಯಿ ಬರೆಯುವ ಹೊತ್ತಿನಲ್ಲಿ ಅವರ ಫೋನಿಗೆ ಉತ್ತರಿಸುವ ಕೆಲಸವನ್ನು ಮಗಳು ಸಂತೋಷದಿಂದ ಒಪ್ಪಿಕೊಂಡಳು.

ಎಲ್ಲಿ ಕೂರುವುದು ಎಂಬುದೂ ಸಣ್ಣ ಪ್ರಶ್ನೆಯಲ್ಲ. ಎರಡು ಕೋಣೆಯ ಮನೆಯಲ್ಲಿ ಬರವಣಿಗೆಗೆಂದು ಪ್ರತ್ಯೇಕ ಮೂಲೆ ಹುಡುಕುವುದು ಆಗದ ಮಾತು. ಆದರೆ ಮಗನ ಪಿಯುಸಿಯ ಕಾರಣ ರಾತ್ರಿ ಏಳೂವರೆಯಿಂದ ಒಂಬತ್ತರವರೆಗೆ ಆ ಮನೆಯಲ್ಲಿ ಟಿ.ವಿ. ಹಾಕುತ್ತಿರಲಿಲ್ಲ. ಅಂದರೆ ಮೌನದ ಹೊತ್ತು ಮನೆಯಲ್ಲಿ ಆಗಲೇ ಇತ್ತು, ಅದು ಮಕ್ಕಳ ಹೆಸರಿನಲ್ಲಿತ್ತು ಅಷ್ಟೆ. ಮಕ್ಕಳು ಓದುವ ಮೇಜಿನ ಮೂರನೆಯ ಬದಿಯಲ್ಲಿ, ಏಳೂ ಮುಕ್ಕಾಲರಿಂದ ಎಂಟೂ ಮುಕ್ಕಾಲರವರೆಗೆ, ತಾಯಿಯೂ ತಮ್ಮ ಪುಸ್ತಕ ಹಿಡಿದು ಕುಳಿತರು. ನಸುಕಿನ ಏಕಾಂತದಲ್ಲಿ ಬಾರದ ಸಾಲುಗಳು, ಪಕ್ಕದಲ್ಲಿ ಭೌತಶಾಸ್ತ್ರದ ಲೆಕ್ಕ ಬಿಡಿಸುತ್ತಿದ್ದವನ ಜೊತೆಯಲ್ಲಿ ಬಂದವು.

ಕಚೇರಿಯ ಊಟದ ಬಿಡುವನ್ನೂ ಬರವಣಿಗೆಗೆ ಬಳಸಬೇಕೇ ಎಂದು ಅವರು ಕೇಳಿದ್ದರು. ಬೇಡವೆಂದೆ. ಐದಾರು ಜನ ಸಹೋದ್ಯೋಗಿಗಳು ಡಬ್ಬಿ ತೆರೆದು ಹಂಚಿಕೊಂಡು ಉಣ್ಣುವ ಆ ಹೊತ್ತನ್ನು ಕಳೆದುಕೊಂಡು ಗಳಿಸುವ ಪುಟ ದುಬಾರಿಯದು, ಅಲ್ಲದೆ ಕಥೆಗಾರರಿಗೆ ಬೇಕಾದ ಮಾತಿನ ಧಾಟಿ ಕಿವಿಗೆ ಬೀಳುವುದು ಅಲ್ಲಿಯೇ.

ಹೊಳೆಯುವುದು ಎಲ್ಲಿ

ಗಂಟೆ ಸಿಕ್ಕಿತು. ಮೊದಲ ಎರಡು ವಾರ ಆ ಗಂಟೆ ಖಾಲಿಯಾಗಿಯೇ ಕಳೆಯಿತು. ಹೊಸ ಅನುಭವಕ್ಕಾಗಿ ಎಲ್ಲಿಗಾದರೂ ಹೋಗಿಬರಬೇಕೇನೋ, ಚಿತ್ರಕಲಾ ಪರಿಷತ್ತಿಗೋ ರಂಗಶಂಕರದ ನಾಟಕಕ್ಕೋ ವಾರಕ್ಕೊಮ್ಮೆ ಹೋದರೆ ಏನಾದರೂ ಹೊಳೆಯಬಹುದೇನೋ ಎಂದು ಅವರು ಯೋಚಿಸಿದರು. ಹೋಗುವುದು ಒಳ್ಳೆಯದೇ, ಆದರೆ ಅವರ ವಾರದಲ್ಲಿ ಅದಕ್ಕೆ ಜಾಗವಿರಲಿಲ್ಲ, ಜಾಗವಿಲ್ಲದ್ದನ್ನು ತುರುಕಿದರೆ ಕಷ್ಟಪಟ್ಟು ಬಿಡಿಸಿಕೊಂಡ ಎರಡು ಗಂಟೆಗಳೇ ಮೊದಲು ಬಲಿಯಾಗುತ್ತಿದ್ದವು. ವಾರದಲ್ಲಿ ತಪ್ಪದೆ ಹೋಗುವ ಜಾಗ ಯಾವುದು, ಮನೆ ಮತ್ತು ಕಚೇರಿಯನ್ನು ಬಿಟ್ಟು ಹೇಳಿ ಎಂದು ಕೇಳಿದೆ. ಗುರುವಾರ ಸಂಜೆ ಮಾರ್ಕೆಟ್‌ನಲ್ಲಿ ಇಳಿದು ಶುಕ್ರವಾರದ ಪೂಜೆಗೆ ಹೂವು ತರುತ್ತೇನೆ ಎಂದರು.

ಕೃಷ್ಣರಾಜೇಂದ್ರ ಮಾರುಕಟ್ಟೆ 1928ರಿಂದ ಅಲ್ಲಿದೆ. ಮೆಟ್ರೊ ಹಸಿರು ಮಾರ್ಗದ ಸಂಪಿಗೆ ರಸ್ತೆಯಿಂದ ಯಲಚೇನಹಳ್ಳಿವರೆಗಿನ ಭಾಗ 2017ರ ಜೂನ್‌ನಲ್ಲಿ ತೆರೆದ ಮೇಲೆ, ಪೀಣ್ಯದಿಂದ ಹನುಮಂತನಗರದ ಕಡೆಗೆ ಬರುವವರಿಗೆ ಅದು ದಾರಿಯಲ್ಲಿಯೇ ಸಿಗುವ ನಿಲ್ದಾಣ. ಅಂದರೆ ಒಂದು ನಿಮಿಷವನ್ನೂ ಹೊಸದಾಗಿ ಹೊಂದಿಸಬೇಕಾಗಿರಲಿಲ್ಲ. ಪ್ರತಿ ಗುರುವಾರ ಮನೆಗೆ ಬಂದ ಕೂಡಲೇ, ಚಪ್ಪಲಿ ಬಿಟ್ಟು ಕೈಕಾಲು ತೊಳೆದ ಮೇಲೆ, ಕಂಡ ಮೂರು ಸಂಗತಿಗಳನ್ನು ಬರೆದಿಡಬೇಕು. ಅವು ಕಥೆಯಾಗಬೇಕೆಂದಿಲ್ಲ, ಚೆಂದವಾಗಿರಬೇಕೆಂದೂ ಇಲ್ಲ. ಇದಿಷ್ಟೇ ಒಪ್ಪಂದ.

ಮೊದಲ ಟಿಪ್ಪಣಿಗಳನ್ನು ಈಗ ಓದಿದರೆ ಅವು ಯಾರಾದರೂ ಬರೆಯಬಹುದಾದಂಥವು: ಮಲ್ಲಿಗೆಯ ಘಮ, ಸೇವಂತಿಗೆಯ ಹಳದಿ ರಾಶಿ, ಗದ್ದಲ, ಕಾಲಿಗೆ ಸಿಗುವ ಬಾಳೆ ಎಲೆ. ವರಮಹಾಲಕ್ಷ್ಮಿ ವ್ರತದ ಹಿಂದಿನ ಗುರುವಾರ ನೂಕುನುಗ್ಗಲಿನಲ್ಲಿ ಅವರು ಒಬ್ಬ ಹೂವಾಡಗಿತ್ತಿಯ ಮುಂದೆ ಬಹಳ ಹೊತ್ತು ನಿಲ್ಲಬೇಕಾಗಿ ಬಂತು. ಅಂದಿನ ಟಿಪ್ಪಣಿ ಹೀಗಿದೆ: "ಮುದುಕಿ ಅಳೆದರೆ ಒಂದು ಮೊಳ, ಪಕ್ಕದಲ್ಲಿರುವ ಸೊಸೆ ಅಳೆದರೆ ಇನ್ನೊಂದು ಮೊಳ. ಸೊಸೆ ಎತ್ತರದವಳು, ಕೈ ಉದ್ದ. ಗಿರಾಕಿಗಳು ಹಣ ಕೊಡುವುದು ಮುದುಕಿಗೆ, ಅಳೆಸುವುದು ಸೊಸೆಯ ಕೈಯಲ್ಲಿ. ಮುದುಕಿ ಏನೂ ಅನ್ನುವುದಿಲ್ಲ. ತಾನು ಅಳೆದಾಗ ಮಾತ್ರ ಪ್ರತಿ ಮೊಳಕ್ಕೂ ಕೇಳದೆಯೇ ನಾಲ್ಕು ಬೆರಳು ಕೊಸರು ಬಿಟ್ಟು ದಾರ ಕತ್ತರಿಸುತ್ತಾಳೆ."

ಈ ಟಿಪ್ಪಣಿಯನ್ನು ಓದಿದಾಗ ಅವರಿಗೆ ಇನ್ನು ಬೇರೆಲ್ಲಿಯೂ ಹುಡುಕುವ ಅಗತ್ಯವಿಲ್ಲವೆಂದು ನನಗೆ ಖಚಿತವಾಯಿತು. ಮೊಣಕೈಯಿಂದ ನಡುಬೆರಳಿನ ತುದಿಯವರೆಗಿನ ಆ ಅಳತೆಯನ್ನು ಅವರು ಹುಟ್ಟಿದಂದಿನಿಂದ ನೋಡಿದ್ದರು. ಅಳೆಯುವವರ ದೇಹವೇ ಅಳತೆಗೋಲಾಗುವ ಪದ್ಧತಿಯಲ್ಲಿ ದೇಹ ಚಿಕ್ಕದಾದವರ ಗತಿ ಏನು ಎಂದು ಈ ಸಲ ನೋಡಿದರು. ಬರೆದಿಡಲೇಬೇಕೆಂಬ ಚಿಕ್ಕ ಕಟ್ಟುಪಾಡೊಂದು ಇದ್ದುದರಿಂದ ಕಣ್ಣು ನಿಂತಿತು. ಸ್ಫೂರ್ತಿ ಬಂದ ಮೇಲೆ ಬರೆಯುವುದು ಎಂಬ ನಂಬಿಕೆಗೆ ವಿರುದ್ಧವಾಗಿ, ಇಲ್ಲಿ ಟಿಪ್ಪಣಿಯ ಕರಾರು ಮೊದಲು ಬಂತು, ಹೊಳೆದದ್ದು ಅದರ ಹಿಂದೆ ಬಂತು.

ದಿನದಲ್ಲಿ ಎಲ್ಲಕ್ಕಿಂತ ವ್ಯರ್ಥವೆಂದು ಅವರು ತಿಳಿದಿದ್ದ ಬೆಳಗಿನ ಮೆಟ್ರೊ ಪ್ರಯಾಣ ಇಲ್ಲಿಂದ ಮುಂದೆ ಕೆಲಸಕ್ಕೆ ಬಂತು. ಆ ಹೊತ್ತಿನ ಜನಸಂದಣಿಯಲ್ಲಿ ಒಂದು ಕೈ ಹಿಡಿಕೆಯ ಮೇಲೆ, ಇನ್ನೊಂದು ಕೈ ಊಟದ ಚೀಲದ ಮೇಲೆ, ಬರೆಯುವುದು ಅಸಾಧ್ಯ. ಒಂದು ಪ್ರಶ್ನೆಯನ್ನು ಮಾತ್ರ ತಲೆಯಲ್ಲಿಟ್ಟುಕೊಂಡು ಹತ್ತಬೇಕು, ಯಶವಂತಪುರ ಬರುವವರೆಗೆ ಫೋನನ್ನು ಚೀಲದಿಂದ ತೆಗೆಯಬಾರದು ಎಂದು ಮಾಡಿಕೊಂಡರು. ಬ್ರಿಟಿಷ್ ಚಿಂತಕ ಗ್ರಹಾಂ ವಾಲಸ್ 1926ರಲ್ಲಿ ಸೃಷ್ಟಿಕಾರ್ಯವನ್ನು ಸಿದ್ಧತೆ, ಒಳಗೇ ಕಾವು ಕೂರುವುದು, ಹೊಳೆಯುವುದು, ಪರಿಶೀಲನೆ ಎಂದು ನಾಲ್ಕು ಹಂತಗಳಾಗಿ ವಿವರಿಸಿದ್ದರು. ಎರಡನೆಯ ಹಂತಕ್ಕೆ ಮೇಜು ಬೇಕಿಲ್ಲ, ಕೈಗೆ ಬಿಡುವೂ ಬೇಕಿಲ್ಲ. ಮೊದಲನೆಯದು ನಡೆದಿರಬೇಕು, ನಡುವೆ ಬೇರೆ ಸದ್ದು ತುಂಬಿಕೊಳ್ಳಬಾರದು.

ಕಥೆಯ ಹೂವಾಡಗಿತ್ತಿಗೆ ಲೇಖಕಿ ಬಲಗೈಯ ನಡುಬೆರಳಿನ ತುದಿ ಇಲ್ಲದಂತೆ ಮಾಡಿದರು. ಆಗ ಎದ್ದ ಪ್ರಶ್ನೆ: ಮೊಳ ಒಂದು ಗೆಣ್ಣಿನಷ್ಟು ಕಡಿಮೆಯಾದುದನ್ನು ಆಕೆ ಗಿರಾಕಿಯಿಂದ ಹೇಗೆ ಮರೆಸುತ್ತಾಳೆ? ಕೆಲವು ದಿನ ಈ ಪ್ರಶ್ನೆಯನ್ನು ಹೊತ್ತು ಓಡಾಡಿದರು. ಒಂದು ಬೆಳಗ್ಗೆ ರೈಲು ಮೆಜೆಸ್ಟಿಕ್ ದಾಟಿ, ಸುರಂಗದಿಂದ ಮೇಲೆ ಬಂದು ಸಂಪಿಗೆ ರಸ್ತೆಯ ನಿಲ್ದಾಣದ ಬೆಳಕಿಗೆ ಸೇರುವ ಹೊತ್ತಿನಲ್ಲಿ ಉತ್ತರ ಸಿಕ್ಕಿತೆಂದು ಮಧ್ಯಾಹ್ನ ನನಗೆ ಸಂದೇಶ ಕಳಿಸಿದರು: ಮರೆಸುವುದೇ ಇಲ್ಲ, ಎಡಗೈಯಲ್ಲಿ ಅಳೆಯಲು ತೊಡಗುತ್ತಾಳೆ. ಅಲ್ಲಿಗೆ ಕಥೆ ತಾನಾಗಿ ಬಿಗಿಯಾಯಿತು, ಏಕೆಂದರೆ ದೇವರಿಗೆ ಒಯ್ಯುವ ಹೂವನ್ನು ಎಡಗೈಯಲ್ಲಿ ಅಳೆದುಕೊಟ್ಟರೆ ಒಪ್ಪುವವರು ಎಷ್ಟು ಜನ? ಬಲಗೈಯ ಅಳತೆ ಕಡಿಮೆ, ಎಡಗೈಯ ಅಳತೆ ಪೂರ್ತಿ ಆದರೆ ಅಶುಭ. ಇವೆರಡರ ನಡುವೆ ಕೊಸರು ಎಷ್ಟು ಬಿಟ್ಟರೆ ಋಣ ತೀರುತ್ತದೆ ಎಂದು ಲೆಕ್ಕ ಹಾಕುತ್ತ ಬದುಕುವ ಹೆಂಗಸಿನ ಕಥೆಯನ್ನು, ದಿನವಿಡೀ ಪೈಸೆಗೆ ಪೈಸೆ ತಾಳೆ ನೋಡುವ ಲೆಕ್ಕಪತ್ರದ ಹೆಂಗಸು ಬರೆಯುವುದು ಸಹಜವಾಗಿಯೇ ಇತ್ತು.

ತಿಂಗಳ ಪಂಚಾಂಗ

ವಾರದ ಏರ್ಪಾಟು ತಿಂಗಳ ಏರ್ಪಾಟಿಗೆ ಹೊಂದದಿದ್ದರೆ ಕುಸಿಯುತ್ತದೆ ಎಂಬುದು ಎರಡನೆಯ ತಿಂಗಳಿನಲ್ಲಿಯೇ ಗೊತ್ತಾಯಿತು. ಲೆಕ್ಕಪತ್ರ ವಿಭಾಗದಲ್ಲಿ ಸಾಮಾನ್ಯವಾಗಿ ಪ್ರತಿ ತಿಂಗಳ 7ರೊಳಗೆ ಟಿಡಿಎಸ್, ಅಂದರೆ ಮೂಲದಲ್ಲಿಯೇ ಕಡಿತ ಮಾಡಿದ ತೆರಿಗೆ ಕಟ್ಟಬೇಕು, 11ರೊಳಗೆ ಜಿಎಸ್‌ಟಿಯ ಮಾರಾಟದ ವಿವರಪಟ್ಟಿಯಾದ ಜಿಎಸ್‌ಟಿಆರ್-1 ಸಲ್ಲಿಸಬೇಕು, 20ರೊಳಗೆ ತಿಂಗಳ ತೆರಿಗೆಯ ಸಾರಾಂಶವಾದ ಜಿಎಸ್‌ಟಿಆರ್-3ಬಿ. ಈ ದಿನಾಂಕಗಳ ಆಸುಪಾಸಿನಲ್ಲಿ ಅವರು ಮನೆಗೆ ಬರುವಾಗ ಎಂಟಾಗುತ್ತದೆ, ತಲೆಯಲ್ಲಿ ಇನ್‌ವಾಯ್ಸುಗಳೇ ತುಂಬಿರುತ್ತವೆ. ಅಂಥ ಮಂಗಳವಾರ ಕಥೆಯ ಮುಂದೆ ಕುಳಿತು ಒಂದು ಸಾಲೂ ಬಾರದೆ ಎದ್ದಾಗ ಹಳೆಯ ನಿರಾಶೆ ಮತ್ತೆ ತಲೆಯೆತ್ತಿತು. ಆದ್ದರಿಂದ ಕೆಲಸವನ್ನೇ ಎರಡು ಬಗೆಯಾಗಿ ವಿಂಗಡಿಸಿದೆವು. 21ರಿಂದ ತಿಂಗಳ ಕೊನೆಯವರೆಗಿನ ದಿನಗಳಲ್ಲಿ ಹೊಸ ಪುಟಗಳನ್ನು ಬರೆಯುವುದು. ಉಳಿದ ವಾರಗಳಲ್ಲಿ ಅದೇ ಮೇಜಿನಲ್ಲಿ, ಅದೇ ಹೊತ್ತಿನಲ್ಲಿ, ಬರೆದದ್ದನ್ನು ತಿದ್ದಿ ಚೊಕ್ಕ ಪ್ರತಿ ಮಾಡುವುದು ಅಥವಾ ಬೇರೆಯವರ ಕಥೆಗಳನ್ನು ಓದುವುದು. ಓದಲು ಬೇಕಾದ ಪುಸ್ತಕಗಳು ಬಡಾವಣೆಯ ಸಾರ್ವಜನಿಕ ಗ್ರಂಥಾಲಯದಲ್ಲಿ ಸಿಕ್ಕವು. ಆಸ್ತಿ ತೆರಿಗೆಯ ಜೊತೆ ನಾವು ಕಟ್ಟುವ ಗ್ರಂಥಾಲಯ ಕರದಿಂದಲೇ ನಡೆಯುವ ಈ ಶಾಖೆಗಳನ್ನು ಬರೆಯುವವರು ಇನ್ನಷ್ಟು ಬಳಸಬೇಕೆಂಬುದು ನನ್ನ ಬಹುದಿನದ ಹಂಬಲ. ಮನೆಯಲ್ಲಿ ನೆಂಟರಿದ್ದ ಕೆಲವು ಶನಿವಾರಗಳ ಬದಲಿಗೆ ಲೇಖಕಿ ಮರುದಿನ ಬೆಳಗ್ಗೆ ಅಲ್ಲಿಯ ಓದುವ ಕೋಣೆಯಲ್ಲಿಯೇ ಕುಳಿತದ್ದುಂಟು.

ಇನ್ನೊಂದು ಅಭ್ಯಾಸ ನಿಜವಾಗಿಯೂ ಅವರನ್ನು ಕಾಪಾಡಿತು. ಪ್ರತಿ ಸಲ ಏಳುವ ಮೊದಲು, ಮುಂದಿನ ಸಲ ಎಲ್ಲಿಂದ ಹಿಡಿಯಬೇಕೆಂದು ಪುಟದ ಕೆಳಗೆ ಒಂದು ಸಾಲು ಬರೆದಿಡುವುದು. ಉದಾಹರಣೆಗೆ, "ಮುಂದೆ: ಸೊಸೆ ಅವಳ ಕೈಯಿಂದ ದಾರ ಕಸಿದುಕೊಳ್ಳುತ್ತಾಳೆ, ಗಿರಾಕಿಯ ಎದುರಿಗೇ." ಸಾಧ್ಯವಾದಾಗಲೆಲ್ಲ ಅವರು ಸನ್ನಿವೇಶವನ್ನು ಮುಗಿಸದೆ ಅರ್ಧದಲ್ಲಿಯೇ ನಿಲ್ಲಿಸುತ್ತಿದ್ದರು. ನವೆಂಬರಿನಲ್ಲಿ ಅತ್ತೆಯವರಿಗೆ ಕಣ್ಣಿನ ಪೊರೆಯ ಶಸ್ತ್ರಚಿಕಿತ್ಸೆಯಾಯಿತು. ಹನಿ ಹಾಕುವುದು, ಒಲೆಯ ಹೊಗೆಯಿಂದ ದೂರವಿರಿಸುವುದು ಎಂದು ಮೂರು ವಾರಕ್ಕೂ ಹೆಚ್ಚು ಕಾಲ ಇಡೀ ಏರ್ಪಾಟು ನಿಂತುಹೋಯಿತು. ಜೂನ್‌ನಲ್ಲಿ ಎರಡು ದಿನ ತಪ್ಪಿದ್ದಕ್ಕೇ ಎಲ್ಲ ಮುಗಿಯಿತೆಂದು ಕೈಬಿಟ್ಟಿದ್ದವರು ಈ ಸಲ, ಅತ್ತೆಯವರು ಮತ್ತೆ ಸ್ಟೂಲಿನ ಮೇಲೆ ಕುಳಿತ ಮೊದಲ ಮಂಗಳವಾರವೇ ಪುಸ್ತಕ ತೆರೆದರು. ಕೆಳಗಿನ ಸಾಲು ಇತ್ತು, ಅಲ್ಲಿಂದ ಹಿಡಿದರು. ಒಂದು ಗಂಟೆಯಲ್ಲಿ ಎಷ್ಟು ಬರೆದರು ಎಂಬುದಕ್ಕಿಂತ, ಬಿಟ್ಟಲ್ಲಿಂದ ಮತ್ತೆ ಹಿಡಿಯಲು ಎಷ್ಟು ಹೊತ್ತು ಹಿಡಿಯಿತು ಎಂಬುದನ್ನೇ ನಾನು ಈ ಪ್ರಕರಣದ ಸರಿಯಾದ ಅಳತೆ ಎಂದು ಎಣಿಸುತ್ತೇನೆ. ಆ ದೃಷ್ಟಿಯಿಂದ ನವೆಂಬರ್ ಕೊನೆಯ ಆ ಮಂಗಳವಾರ ನನಗೆ ಕಥೆ ಮುಗಿದ ದಿನಕ್ಕಿಂತ ಮುಖ್ಯ.

ಫಲಿತಾಂಶ ಮತ್ತು ಉಳಿದದ್ದು

ಫೆಬ್ರವರಿಯಲ್ಲಿ ಹನ್ನೊಂದು ಪುಟಗಳ ಕೈಬರಹದ ಕಥೆ ಗೋಷ್ಠಿಯಲ್ಲಿ ಓದಲ್ಪಟ್ಟಿತು. ಕೊನೆಯಲ್ಲಿ ಸೊಸೆ ಕ್ಷಮೆ ಕೇಳುವ ಭಾಗ ಒತ್ತಾಯದ್ದೆಂದು ಹಲವರು ಹೇಳಿದರು; ಲೇಖಕಿ ಅದನ್ನು ತೆಗೆದು, ಸೊಸೆಯೂ ಒಂದು ದಿನ ಗಿರಾಕಿ ಕೇಳದೆಯೇ ಕೊಸರು ಬಿಡುವಲ್ಲಿಗೆ ನಿಲ್ಲಿಸಿದರು. ನನ್ನ ದೃಷ್ಟಿಯಲ್ಲಿ ಅದು ಒಳ್ಳೆಯ ಕಥೆ. ಪತ್ರಿಕೆಯೊಂದಕ್ಕೆ ಕಳಿಸಿದ್ದಾರೆ, ಉತ್ತರ ಬಂದಿಲ್ಲ. ಅಚ್ಚಾಗುವುದು ಬಿಡುವುದು ಅವರ ಕೈಯಲ್ಲಿಲ್ಲ, ಆದ್ದರಿಂದ ಅದನ್ನು ಈ ಅಧ್ಯಯನದ ಫಲಿತಾಂಶದಲ್ಲಿ ನಾನು ಸೇರಿಸುವುದಿಲ್ಲ.

ಬಗೆಹರಿಯದ ಸಂಗತಿಗಳೂ ಇವೆ. ದೀಪಾವಳಿಯ ಹೊತ್ತಿಗೆ ಅಂಗಡಿಯಲ್ಲಿ ವ್ಯಾಪಾರ ಹೆಚ್ಚಿದಾಗ ಪತಿಯವರ ಪಾಲಿನ ಕೆಲಸ ಸದ್ದಿಲ್ಲದೆ ಲೇಖಕಿಯ ಪಾಲಿಗೆ ಮರಳಿತು. ಹಬ್ಬ ಮುಗಿದ ಮೇಲೂ ಬೆಳಗಿನ ಡಬ್ಬಿಗಳು ಪತಿಯವರ ಕೈಗೆ ವಾಪಸು ಹೋಗಲು ಮತ್ತೊಮ್ಮೆ ಕೇಳಬೇಕಾಯಿತು. ಹಂಚಿಕೊಂಡ ಕೆಲಸ ಪ್ರತಿ ಅಡಚಣೆಯ ನಂತರ ಹಳೆಯ ಕೈಗೇ ಮರಳುವ ಈ ಪ್ರವೃತ್ತಿಗೆ ನಮಗೆ ಶಾಶ್ವತ ಪರಿಹಾರ ಸಿಕ್ಕಿಲ್ಲ. ಸದ್ಯಕ್ಕೆ ಮೂರು ತಿಂಗಳಿಗೊಮ್ಮೆ ಲೆಡ್ಜರಿನ ಅದೇ ಎರಡು ಅಂಕಣಗಳನ್ನು ಒಂದು ವಾರ ತುಂಬಿ, ಭಾನುವಾರ ಮನೆಯವರೆದುರು ಇಡುವುದೆಂದು ನಿಶ್ಚಯಿಸಿದ್ದಾರೆ. ಮುಂದಿನ ಸಲ ಅದನ್ನು ತಾನೇ ತುಂಬುತ್ತೇನೆಂದು ಮಗಳು ಹೇಳಿದ್ದಾಳೆ.

ಮಾರ್ಚ್ ತಿಂಗಳಲ್ಲಿ ಆರ್ಥಿಕ ವರ್ಷದ ಕೊನೆಯ ಲೆಕ್ಕ, ಮಗನ ಪರೀಕ್ಷೆ ಎರಡೂ ಒಟ್ಟಿಗೆ ಬಂದುದರಿಂದ ಆ ತಿಂಗಳು ಬರೆಯುವುದಿಲ್ಲವೆಂದು ಮೊದಲೇ ತೀರ್ಮಾನಿಸಿ, ಗುರುವಾರದ ಮೂರು ಟಿಪ್ಪಣಿಗಳನ್ನು ಮಾತ್ರ ಮುಂದುವರಿಸಿದರು. ಏಪ್ರಿಲ್ 21ರಿಂದ ಎರಡನೆಯ ಕಥೆ ಆರಂಭವಾಗಲಿದೆ. ಮನೆಯಿಂದ ಮೆಟ್ರೊ ನಿಲ್ದಾಣದವರೆಗೆ ಅವರು ಹತ್ತುವ ಬಿಎಂಟಿಸಿ ಬಸ್ಸೇ ಅದರ ಸ್ಥಳ. 2023ರ ಜೂನ್ 11ರಂದು ಶಕ್ತಿ ಯೋಜನೆ ಜಾರಿಗೆ ಬಂದ ಮೇಲೆ ಕಂಡಕ್ಟರ್ ಕೈಗಿಡುವ ಶೂನ್ಯ ದರದ ಟಿಕೆಟನ್ನು ಇಳಿಯುವಾಗ ಎಸೆಯದೆ ಪರ್ಸಿನಲ್ಲಿ ಮಡಚಿಟ್ಟುಕೊಳ್ಳುವ ಒಬ್ಬ ಹಿರಿಯ ಮಹಿಳೆಯನ್ನು ಗಮನಿಸಿ ಮೂರು ಸಾಲು ಬರೆದಿದ್ದಾರೆ. ಆಕೆ ಅವನ್ನು ಏಕೆ ಕೂಡಿಡುತ್ತಾರೆ ಎಂಬುದು ಈಗ ಬೆಳಗಿನ ಪ್ರಯಾಣದಲ್ಲಿ ಅವರ ಜೊತೆಗಿರುವ ಪ್ರಶ್ನೆ.